ಬ್ಯಾನ್ಫ್: ಬೆಟ್ಟದ ಚೆಲುವು, ರಸ್ತೆಯ ಲೆಕ್ಕ

ಕ್ಯಾಲ್ಗರಿಯಲ್ಲಿರುವ ನಮಗೆ ಬೇಸಿಗೆ ಎಂದರೆ ಊರಿನಿಂದ ಅಪ್ಪ-ಅಮ್ಮ, ಅತ್ತೆ-ಮಾವ ಬರುವ ಕಾಲ. ಬಂದವರ ಆಯಾಸ ಕಳೆದ ಮೇಲೆ ಮೊದಲು ಹೊರಡುವುದು ಬ್ಯಾನ್ಫ್ ರಾಷ್ಟ್ರೀಯ ಉದ್ಯಾನಕ್ಕೆ. ಪುಳಿಯೋಗರೆ, ಮೊಸರನ್ನದ ಡಬ್ಬಿಗಳೊಂದಿಗೆ ಕಾರು ಹತ್ತಿದರೆ ಒಂದೂವರೆ ಗಂಟೆಯ ದಾರಿ. ಬಯಲು ಮುಗಿಯುತ್ತಿದ್ದಂತೆ ರಾಕಿ ಪರ್ವತಗಳು ಗೋಡೆಯಂತೆ ಎದುರಿಗೆ ನಿಲ್ಲುತ್ತವೆ. (ತಿಂದ ಡಬ್ಬಿಯನ್ನು ಮಾತ್ರ ಹೊರಗೆ ಬಿಡಬೇಡಿ. ವಾಸನೆಗೆ ಕರಡಿ ಬರುತ್ತದೆ, ದಂಡವೂ ಬೀಳುತ್ತದೆ.)

ಹೆಚ್ಚಿನವರು ನೋಡಲು ಬಯಸುವುದು ಲೂಯಿಸ್ ಮತ್ತು ಮೊರೇನ್ ಸರೋವರಗಳನ್ನು. ಆ ನೀಲಿ-ಹಸಿರು ಬಣ್ಣ ಕಂಡು 'ಏನಾದರೂ ಬೆರೆಸಿದ್ದಾರಾ' ಎಂದು ಕೇಳದ ಹಿರಿಯರಿಲ್ಲ. ಹಿಮನದಿ ಜಾರುವಾಗ ಅರೆದ ಬಂಡೆಯ ನುಣ್ಣನೆಯ ಹುಡಿ ನೀರಿನಲ್ಲಿ ತೇಲಿ ಬೆಳಕನ್ನು ಚದುರಿಸುವುದರಿಂದ ಬರುವ ಬಣ್ಣ ಅದು. ಮೊರೇನ್ ಸರೋವರದ ಚಿತ್ರ ಕೆನಡಾದ ಹಳೆಯ 20 ಡಾಲರ್ ನೋಟಿನ ಹಿಂಬದಿಯಲ್ಲಿತ್ತು. ನೋಟು ಎಣಿಸುವುದೇ ಕಸುಬಾದ ನಮ್ಮಂಥವರಿಗೆ ಅದೊಂದು ಖುಷಿ! 2023ರಿಂದ ಅಲ್ಲಿಗೆ ಸ್ವಂತ ವಾಹನ ಬಿಡುವುದಿಲ್ಲ. ಷಟಲ್ ಬಸ್ಸಿನ ಸೀಟನ್ನು ಮೊದಲೇ ಕಾಯ್ದಿರಿಸಿ.

ಈ ಉದ್ಯಾನ ಹುಟ್ಟಿದ್ದು ಸೌಂದರ್ಯದಿಂದಲ್ಲ, ಬಿಸಿನೀರಿನಿಂದ. 1883ರಲ್ಲಿ ಕೆನಡಿಯನ್ ಪೆಸಿಫಿಕ್ ರೈಲ್ವೆಯ ಮೂವರು ಕೆಲಸಗಾರರಿಗೆ ಗುಹೆಯೊಂದರಲ್ಲಿ ಗಂಧಕದ ಬಿಸಿನೀರಿನ ಬುಗ್ಗೆ ಕಂಡಿತು. ಒಡೆತನಕ್ಕೆ ಜಗಳ ಶುರುವಾಯಿತು. 1885ರಲ್ಲಿ ಸರ್ಕಾರ ಸುತ್ತಲಿನ 26 ಚದರ ಕಿ.ಮೀ. ಜಾಗವನ್ನು ತನ್ನಲ್ಲೇ ಉಳಿಸಿಕೊಂಡಿತು. ಎರಡು ವರ್ಷಗಳ ಬಳಿಕ ಕಾನೂನು ಬಂದು ಅದು ಕೆನಡಾದ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಇಂದಿನ ವಿಸ್ತೀರ್ಣ 6,641 ಚದರ ಕಿ.ಮೀ., ನಮ್ಮ ಕೊಡಗು ಜಿಲ್ಲೆಯ ಒಂದೂವರೆ ಪಟ್ಟಿಗೂ ಹೆಚ್ಚು. ಹಳಿ ಹಾಕಲು ಸುರಿದ ಹಣ ವಾಪಸು ಬರಬೇಕಾದರೆ ರೈಲಿಗೆ ಪ್ರಯಾಣಿಕರು ಬೇಕು. ಅದಕ್ಕಾಗಿ ರೈಲ್ವೆ ಕಂಪನಿ 1888ರಲ್ಲಿ ಇಲ್ಲಿ ದೊಡ್ಡ ಹೋಟೆಲನ್ನೇ ತೆರೆಯಿತು.

'ಕಂಡುಹಿಡಿದರು' ಎಂಬ ಮಾತನ್ನು ಸ್ವಲ್ಪ ತಿದ್ದಿಕೊಳ್ಳಬೇಕು. ಸ್ಟೋನಿ ನಕೋಡಾ ಮೊದಲಾದ ಮೂಲನಿವಾಸಿಗಳಿಗೆ ಈ ಬುಗ್ಗೆಗಳು ಎಷ್ಟೋ ತಲೆಮಾರುಗಳಿಂದ ಗೊತ್ತಿದ್ದವು. ಉದ್ಯಾನವಾದ ಮೇಲೆ ಅವರ ಬೇಟೆಗೆ ನಿಷೇಧ ಬಂತು, ಓಡಾಟವೂ ನಿಂತಿತು. ನಾಗರಹೊಳೆಯ ಜೇನುಕುರುಬರ ಕಥೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮನ್ನು ಹೆಚ್ಚು ಕಾಡಿದ್ದು ಬ್ಯಾನ್ಫ್ ಪಟ್ಟಣದಿಂದ ಲೂಯಿಸ್ ಸರೋವರದತ್ತ ಹೋಗುವ ಹಳೆಯ ರಸ್ತೆ. ಇಂದು ಅದರ ಹೆಸರು ಬೋ ವ್ಯಾಲಿ ಪಾರ್ಕ್‌ವೇ. ಇಕ್ಕೆಲಗಳಲ್ಲಿ ಪೈನ್ ಕಾಡು, ನಡುವೆ ಕೋಟೆಯಂತೆ ಎದ್ದು ನಿಂತ ಕ್ಯಾಸಲ್ ಮೌಂಟನ್. ಈ ಬೆಟ್ಟದ ಬುಡದಲ್ಲಿ 1915ರಿಂದ 1917ರವರೆಗೆ ಬಂಧನ ಶಿಬಿರವಿತ್ತು.

ಹೊಲ ಉಳಲು, ಹಳಿ ಹಾಕಲು ಜನ ಬೇಕೆಂದು ಕೆನಡಾ ಅದಕ್ಕೂ ಮೊದಲು ಪೂರ್ವ ಯುರೋಪಿನಿಂದ ಸಾವಿರಾರು ಕುಟುಂಬಗಳನ್ನು ಕರೆಸಿಕೊಂಡಿತ್ತು. ಅವರಲ್ಲಿ ಅನೇಕರು ಯುಕ್ರೇನಿಯನ್ನರು. ಅವರ ಊರುಗಳು ಆಗ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದಲ್ಲಿದ್ದವು. 1914ರಲ್ಲಿ ಯುದ್ಧ ಶುರುವಾದಾಗ, ಕೈಯಲ್ಲಿದ್ದ ಕಾಗದದ ಮೇಲಿನ ದೇಶದ ಹೆಸರಿನಿಂದಾಗಿ ಅವರು 'ಶತ್ರು ದೇಶದವರು' ಎನಿಸಿಕೊಂಡರು. ದೇಶದಾದ್ಯಂತ 8,579 ಜನರನ್ನು ಬಂಧನದಲ್ಲಿಡಲಾಯಿತು. ಕೆಲಸ ಕಳೆದುಕೊಂಡು ಅಲೆಯುತ್ತಿದ್ದ ಬಡ ಕೂಲಿಗಳೂ ಸಿಕ್ಕಿಬಿದ್ದರು.

ಕ್ಯಾಸಲ್ ಶಿಬಿರದ ಬಂಧಿಗಳು ಗುದ್ದಲಿ, ಪಿಕಾಸಿ ಹಿಡಿದು ಈ ರಸ್ತೆ ಕಡಿದರು. ಮುಳ್ಳುತಂತಿಯೊಳಗೆ ಡೇರೆಗಳಲ್ಲಿ ವಾಸ. ಚಳಿಗಾಲದಲ್ಲಿ ಅವರನ್ನು ಬಿಸಿನೀರಿನ ಗುಹೆಯ ಬಳಿಯ ಶಿಬಿರಕ್ಕೆ ಸಾಗಿಸುತ್ತಿದ್ದರು. ದಿನದ ಕೂಲಿ 25 ಸೆಂಟ್. ಯಾವ ಲೆಕ್ಕದಲ್ಲಿ ನೋಡಿದರೂ ಸರ್ಕಾರಕ್ಕೆ ರಸ್ತೆ ಪುಕ್ಕಟೆ ಸಿಕ್ಕಂತೆಯೇ.

ಕೆನಡಾ ಸಂಸತ್ತು ಇದನ್ನು ಕಾನೂನಿನ ಮೂಲಕ ಒಪ್ಪಿಕೊಂಡಿದ್ದು 2005ರಲ್ಲಿ. 2008ರಲ್ಲಿ ಸ್ಮರಣೆಯ ಕೆಲಸಗಳಿಗೆಂದು 1 ಕೋಟಿ ಡಾಲರ್ ನಿಧಿ ಸ್ಥಾಪನೆಯಾಯಿತು. ಅದಕ್ಕೂ ಮೊದಲೇ, 1995ರಲ್ಲಿ, ಕ್ಯಾಸಲ್ ಮೌಂಟನ್ ಎದುರಿನ ರಸ್ತೆ ಬದಿಯಲ್ಲಿ ಬಂಧಿಯೊಬ್ಬನ ಪ್ರತಿಮೆ ನಿಂತಿತ್ತು. ಅದರ ಹೆಸರು 'ಏಕೆ?'. ವರ್ಕ್ ಪರ್ಮಿಟ್ಟಿನ ತಾರೀಖು ನೋಡುತ್ತಾ ವರ್ಷಗಳನ್ನು ಕಳೆದ ನಮಗೆ ಆ ಒಂದು ಪದ ಸಾಕಾಯಿತು. ಮನೆಯಲ್ಲಿ ಮಗನ ಪಿ.ಆರ್. ಸುದ್ದಿಗೆ ಕಾದು ಕೂತ ತಂದೆ-ತಾಯಿಗೂ ಅದು ಅರ್ಥವಾಗದ ಮಾತಲ್ಲ.

ಪ್ರವಾಸಿ ಬಸ್ಸುಗಳು ಹೆದ್ದಾರಿಯಲ್ಲೇ ಹೋಗಿಬಿಡುತ್ತವೆ. ಸ್ವಂತ ಕಾರಿದ್ದರೆ ಹಳೆಯ ರಸ್ತೆಯನ್ನೇ ಹಿಡಿಯಿರಿ. ಜಿಂಕೆ, ಅದೃಷ್ಟವಿದ್ದರೆ ಕರಡಿಯೂ ಕಂಡೀತು. ಬಿಸಿನೀರಿನ ಗುಹೆಯ ಆವರಣದಲ್ಲಿ 2013ರಿಂದ ಬಂಧಿಗಳ ಕುರಿತ ಪ್ರದರ್ಶನವಿದೆ. ಗುಹೆ ನೋಡಿದವರು ಅಲ್ಲಿಗೂ ಹೋಗಿ ಬನ್ನಿ, ಅರ್ಧ ಗಂಟೆ ಸಾಕು. ಆ ಗುಹೆಯ ನೀರಿನಲ್ಲಿ ಅಳಿವಿನಂಚಿನ ಪುಟ್ಟ ಬಸವನಹುಳುಗಳಿವೆ. ಹಾಗಾಗಿ ಕೈ ಅದ್ದುವಂತಿಲ್ಲ. ಸ್ನಾನ ಮಾಡಲೇಬೇಕೆನ್ನುವ ಹಿರಿಯರನ್ನು ಮೇಲಿನ ಅಪ್ಪರ್ ಹಾಟ್ ಸ್ಪ್ರಿಂಗ್ಸ್ ಕೊಳಕ್ಕೆ ಕರೆದೊಯ್ಯಿರಿ.