ಲೆಕ್ಕ ಬಿಡಿಸುವ ಮುನ್ನ ಚಿತ್ರ ಬಿಡಿಸಿ

ಎಂಬಿಎ ಪ್ರವೇಶ ಪರೀಕ್ಷೆಯ ಮಾಕ್ ಟೆಸ್ಟ್ ಫಲಿತಾಂಶ ನೋಡಿ ತಲೆ ಚಚ್ಚಿಕೊಂಡೆ. ಕಷ್ಟದ ಲೆಕ್ಕಗಳೆಲ್ಲ ಸರಿ, ಅರ್ಧ ನಿಮಿಷದಲ್ಲಿ ಮುಗಿಸಿದೆನೆಂದು ಬೀಗಿದ್ದ ಲೆಕ್ಕವೇ ತಪ್ಪು! ಅಂಕ ಸಿಗದಿದ್ದರೆ ಹೋಗಲಿ, ನೆಗೆಟಿವ್ ಮಾರ್ಕಿಂಗ್‌ನಲ್ಲಿ ಇದ್ದದ್ದೂ ಹೋಯಿತು.

ಲೆಕ್ಕ ಇಷ್ಟೇ: (ಎಕ್ಸ್ + 1) / (ಎಕ್ಸ್ – 2) ≥ 2. ಎಕ್ಸ್‌ನ ಬೆಲೆ ಎಲ್ಲಿಂದ ಎಲ್ಲಿಯವರೆಗೆ? ಹೈಸ್ಕೂಲಿನಿಂದ ಕೈಗೆ ಅಂಟಿದ ಚಾಳಿ, ಕ್ರಾಸ್ ಮಲ್ಟಿಪ್ಲೈ ಮಾಡಿಬಿಟ್ಟೆ. ಎಕ್ಸ್ + 1 ≥ 2ಎಕ್ಸ್ – 4, ಅಂದರೆ ಎಕ್ಸ್ ≤ 5. ಆಯ್ಕೆಗಳಲ್ಲಿ ಅದೂ ಇತ್ತು. (ನಾವು ಎಲ್ಲಿ ಜಾರುತ್ತೇವೆಂದು ಪ್ರಶ್ನೆ ತಯಾರಿಸುವವರಿಗೆ ಮೊದಲೇ ಗೊತ್ತಿರುತ್ತದೆ.) ಎಕ್ಸ್ ಜಾಗದಲ್ಲಿ 0 ಹಾಕಿ ನೋಡಿದ್ದರೂ ಸಾಕಿತ್ತು. ಮೈನಸ್ ಅರ್ಧ ಬರುತ್ತದೆ, ಅದೆಲ್ಲಿ 2ಕ್ಕಿಂತ ದೊಡ್ಡದಾದೀತು?

ಋಣ ಸಂಖ್ಯೆಯಿಂದ ಗುಣಿಸಿದರೆ ಅಸಮತೆಯ ಚಿಹ್ನೆ ತಿರುಗುತ್ತದೆ ಎಂದು ಪ್ರಥಮ ಪಿಯುಸಿಯಲ್ಲೇ ಬಾಯಿಪಾಠ ಮಾಡಿದ್ದೆ. ಆದರೆ ಎಕ್ಸ್ – 2 ಎಂಬುದು ಧನವೋ ಋಣವೋ ಎಂದು ಕೇಳಿಕೊಳ್ಳದೇ ಗುಣಿಸಿದ್ದೆ.

ಪಿಜಿಯಲ್ಲಿ ನನ್ನ ರೂಮಿನಲ್ಲೇ ಇರುವ ಮಂಗಳೂರು ಕಡೆಯ ಅಕ್ಕ ಹಾಳೆ ಕಿತ್ತುಕೊಂಡು, ‘ಮೊದಲು ಲೆಕ್ಕ ಬಿಡಿಸ್ಬೇಡ, ಚಿತ್ರ ಬಿಡಿಸು ಮಾರಾಯ್ತಿ’ ಎಂದರು. ಆ ಭಿನ್ನರಾಶಿಯನ್ನು 1 + 3/(ಎಕ್ಸ್ – 2) ಎಂದು ಬರೆದರು. ಇದು ನಮಗೆಲ್ಲ ಗೊತ್ತಿರುವ 1/ಎಕ್ಸ್ ವಕ್ರರೇಖೆಯೇ. ಮೂರು ಪಟ್ಟು ಎಳೆದು, ಬಲಕ್ಕೆ 2, ಮೇಲಕ್ಕೆ 1 ಸರಿಸಿದ್ದಾರೆ ಅಷ್ಟೆ. ಎಕ್ಸ್ = 2ರಲ್ಲಿ ಛೇದ ಸೊನ್ನೆ, ಅಲ್ಲೊಂದು ಲಂಬ ಚುಕ್ಕಿಗೆರೆ. ಅದರ ಎಡಗಡೆಯ ರೇಖೆ ಪೂರ್ತಿ 1ರ ಕೆಳಗೇ ಇದೆ. ಬಲಗಡೆಯದು ಆಕಾಶದಿಂದ ಇಳಿದು ಬರುತ್ತದೆ: ಎಕ್ಸ್ 3 ಆದಾಗ ಎತ್ತರ 4, ಎಕ್ಸ್ 5 ಆದಾಗ 2, ಆಮೇಲೆ ಇನ್ನೂ ಕೆಳಗೆ. ಈಗ 2ರ ಎತ್ತರದಲ್ಲಿ ಒಂದು ಅಡ್ಡಗೆರೆ ಎಳೆಯಿರಿ. ವಕ್ರರೇಖೆ ಅದರ ಮೇಲಿರುವುದು 2 ಮತ್ತು 5ರ ನಡುವೆ ಮಾತ್ರ. 5 ಸೇರುತ್ತದೆ, 2 ಸೇರುವುದಿಲ್ಲ. ನನ್ನ ಉತ್ತರದಲ್ಲಿ ಚುಕ್ಕಿಗೆರೆಯ ಎಡಭಾಗವೆಲ್ಲ ಸುಮ್ಮನೆ ನುಗ್ಗಿಬಂದಿತ್ತು!

ಆಗ ಕಾಲೇಜು ಫೆಸ್ಟ್‌ನ ಟೀ ಶರ್ಟ್ ಜಗಳ ನೆನಪಾಯಿತು. ಪ್ರಿಂಟಿಂಗ್ ಅಂಗಡಿಯವರು ಡಿಸೈನ್, ಸ್ಕ್ರೀನ್‌ಗೆ ಒಟ್ಟು 3000 ರೂಪಾಯಿ, ಜೊತೆಗೆ ಶರ್ಟೊಂದಕ್ಕೆ 150 ಎಂದಿದ್ದರು. ತಲಾ ಖರ್ಚು 150 + 3000/ಎಕ್ಸ್. ಅದು 200 ದಾಟಬಾರದೆಂದರೆ ಕನಿಷ್ಠ 60 ಶರ್ಟ್ ಬೇಕು. (ಶರ್ಟಿನ ಸಂಖ್ಯೆ ಋಣವಾಗದು, ಹಾಗಾಗಿ ಇಲ್ಲಿ ಎಕ್ಸ್‌ನಿಂದ ಧೈರ್ಯವಾಗಿ ಗುಣಿಸಬಹುದು.) ‘ಇನ್ನೂ ಜನ ಸೇರಿಸಿದ್ರೆ 140ಕ್ಕೆ ಬರುತ್ತೆ’ ಎಂದು ಗೆಳೆಯರು ಪಟ್ಟು ಹಿಡಿದಿದ್ದರು. ಎರಡು ದಿನ ಕ್ಲಾಸಿನಿಂದ ಕ್ಲಾಸಿಗೆ ಅಲೆದೆವು. ನಕ್ಷೆ ಬರೆದಿದ್ದರೆ ಆ ಅಲೆದಾಟ ಉಳಿಯುತ್ತಿತ್ತು. ರೇಖೆ 150ರ ಹತ್ತಿರ ಹತ್ತಿರ ಬರುತ್ತದೆಯೇ ಹೊರತು ಅದನ್ನು ಮುಟ್ಟುವುದೇ ಇಲ್ಲ, ಸಾವಿರ ಜನ ಸೇರಿದರೂ 153.

ಮನೆಯಲ್ಲಿ ಅಭ್ಯಾಸಕ್ಕೆ ಜಿಯೋಜೀಬ್ರಾ ಉಚಿತವಾಗಿ ಸಿಗುತ್ತದೆ, ಮೊಬೈಲಿನಲ್ಲೂ ನಡೆಯುತ್ತದೆ. ಆದರೆ ನಾನು ಮೊದಲು ಕೈಯಲ್ಲೇ ಬಿಡಿಸಿ, ಆಮೇಲೆ ಅದರಲ್ಲಿ ತಾಳೆ ನೋಡುತ್ತೇನೆ. ಪರೀಕ್ಷಾ ಕೊಠಡಿಗೆ ಮೊಬೈಲ್ ಬರುವುದಿಲ್ಲವಲ್ಲ! ಮುಂದಿನ ಮಾಕ್ ಟೆಸ್ಟ್ ಭಾನುವಾರ ಇದೆ. ಅಕ್ಕ ಈಗಾಗಲೇ ಛೇದದಲ್ಲಿ ವರ್ಗವಿರುವ ಲೆಕ್ಕವೊಂದನ್ನು ಕೊಟ್ಟು, ‘ಇದರಲ್ಲಿ ಚುಕ್ಕಿಗೆರೆಯ ಎರಡೂ ಕಡೆ ರೇಖೆ ಮೇಲಕ್ಕೇ ಹೋಗ್ತದೆ, ಯಾಕೆ ಹೇಳು ನೋಡುವ’ ಎಂದು ಕೂತಿದ್ದಾರೆ.