ಚಿನ್ನ ಕರಗಿಸುವ ನೀರು

ಒಂದೇ ಮಳೆಗಾಲದಲ್ಲಿ ಕಬ್ಬಿಣ ತುಕ್ಕು ಹಿಡಿಯುತ್ತದೆ. ಆದರೆ ಅಜ್ಜಿಯ ಕಾಲದ ಚಿನ್ನದ ಓಲೆ ಮೊಮ್ಮಗಳ ಕಿವಿಯಲ್ಲಿಯೂ ಮೊದಲಿನಂತೆಯೇ ಹೊಳೆಯುತ್ತದೆ. ಚಿನ್ನದ ಪರಮಾಣು ತನ್ನ ಎಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಡದಿರುವುದೇ ಇದಕ್ಕೆ ಕಾರಣ. ಇಂತಹ ಹಟಮಾರಿ ಲೋಹವನ್ನು ಕೋಲಾರದ ಚಿನ್ನದ ಗಣಿಗಳಲ್ಲಿ ನೀರಿನಲ್ಲಿ ಕರಗಿಸಿ ತೆಗೆಯುತ್ತಿದ್ದರೆಂದರೆ ಅಚ್ಚರಿಯಾಗಬಹುದು.

ಚಾಂಪಿಯನ್ ರೀಫ್ಸ್ ಗಣಿಯ ಆಳ 3 ಕಿಲೋಮೀಟರಿಗೂ ಹೆಚ್ಚು. ಅಲ್ಲಿಂದ ಮೇಲೆ ತಂದ ಬೆಣಚುಕಲ್ಲಿನ ಅದಿರನ್ನು ಪುಡಿಮಾಡಿ, ನೀರಿನೊಡನೆ ಪಾದರಸ ಸವರಿದ ತಾಮ್ರದ ತಗಡುಗಳ ಮೇಲೆ ಹರಿಸುತ್ತಿದ್ದರು. ದಪ್ಪ ಕಣಗಳು ಪಾದರಸಕ್ಕೆ ಅಂಟಿಕೊಳ್ಳುತ್ತಿದ್ದವು; ಕಣ್ಣಿಗೆ ಕಾಣದ ನುಣುಪಾದ ಕಣಗಳು ಮರಳಿನೊಡನೆ ಕೊಚ್ಚಿಹೋಗುತ್ತಿದ್ದವು. ಆ ಮರಳಿನಿಂದಲೂ ಚಿನ್ನವನ್ನು ಪಡೆಯುವ ಉಪಾಯಕ್ಕೆ 1887ರಲ್ಲಿ ಗ್ಲಾಸ್ಗೋ ನಗರದ ಮೆಕಾರ್ಥರ್ ಎಂಬ ರಸಾಯನಶಾಸ್ತ್ರಜ್ಞನೂ ವೈದ್ಯರಾಗಿದ್ದ ಫಾರೆಸ್ಟ್ ಸೋದರರೂ ಪೇಟೆಂಟ್ ಪಡೆದರು. ಮರಳನ್ನು ಸೈನೈಡಿನ ತೆಳು ದ್ರಾವಣದಲ್ಲಿ ನೆನೆಸಿಡುವುದೇ ಆ ಉಪಾಯ.

ತೊಟ್ಟಿಯೊಳಗೆ ನಡೆಯುವುದಾದರೂ ಏನು? ಚಿನ್ನದ ಪ್ರತಿಯೊಂದು ಕಣವೂ ಅಲ್ಲಿ ಒಂದು ಪುಟ್ಟ ವಿದ್ಯುತ್ಕೋಶವಾಗುತ್ತದೆ. ಕಣದ ಒಂದು ಭಾಗದಲ್ಲಿ ಚಿನ್ನದ ಪರಮಾಣು ಎಲೆಕ್ಟ್ರಾನನ್ನು ಕಳೆದುಕೊಂಡು ಅಯಾನಾಗುತ್ತದೆ. ಎರಡು ಸೈನೈಡ್ ಅಯಾನುಗಳು ಅದನ್ನು ಎರಡು ಕಡೆಯಿಂದ ಬಿಗಿಯಾಗಿ ಹಿಡಿದು ನೀರಿಗೆ ಸೆಳೆದೊಯ್ಯುತ್ತವೆ. ಬಿಡುಗಡೆಯಾದ ಎಲೆಕ್ಟ್ರಾನು ಲೋಹದ ಮೂಲಕವೇ ಕಣದ ಮತ್ತೊಂದು ಭಾಗಕ್ಕೆ ಹರಿದು, ನೀರಿನಲ್ಲಿ ಬೆರೆತ ಆಮ್ಲಜನಕವನ್ನು ಸೇರುತ್ತದೆ. ಆಮ್ಲಜನಕದ ಒಂದು ಅಣುವಿಗೆ ನಾಲ್ಕು ಎಲೆಕ್ಟ್ರಾನುಗಳು ಬೇಕು. ಆದ್ದರಿಂದ ಚಿನ್ನದ ನಾಲ್ಕು ಪರಮಾಣುಗಳು ಕರಗುತ್ತವೆ. ಗಾಳಿಯಿಲ್ಲದೆ ಸೈನೈಡೊಂದೇ ಈ ಕೆಲಸ ಮಾಡಲಾರದು. ದ್ರಾವಣಕ್ಕೆ ಸುಣ್ಣವನ್ನೂ ಬೆರೆಸಬೇಕು. ಆಮ್ಲೀಯತೆ ಹೆಚ್ಚಿದರೆ ಪ್ರಾಣಾಂತಕವಾದ ವಿಷಾನಿಲ ಏಳುತ್ತದೆ.

ಕರಗಿದ ಚಿನ್ನವನ್ನು ಮರಳಿ ಪಡೆಯಲು ಸತುವು ನೆರವಾಗುತ್ತದೆ. ಸತುವು ಎಲೆಕ್ಟ್ರಾನುಗಳನ್ನು ಧಾರಾಳವಾಗಿ ಬಿಟ್ಟುಕೊಡುವ ಲೋಹ. ಅವನ್ನು ಪಡೆದ ಚಿನ್ನವು ಕಪ್ಪು ಕೆಸರಾಗಿ ಕೂಡುತ್ತದೆ. ಹೊಳಪು ಬರುವುದು ಕುಲುಮೆಯಲ್ಲಿ ಕರಗಿಸಿ ಶುದ್ಧಿಮಾಡಿದ ಮೇಲೆಯೇ.

1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ದೂರ ತಂತಿಯೆಳೆದು ಈ ಗಣಿಗಳಿಗೆ ವಿದ್ಯುತ್ತನ್ನು ತಂದ ಸಾಹಸ ಪ್ರಸಿದ್ಧವಾಗಿದೆ. ಯಂತ್ರಗಳನ್ನು ತಿರುಗಿಸಿದ್ದು ಕಾವೇರಿಯ ಆ ವಿದ್ಯುತ್ತು. ಆದರೆ ಚಿನ್ನವನ್ನು ಕರಗಿಸಿದ್ದು ತೊಟ್ಟಿಗಳಲ್ಲಿ ಸದ್ದಿಲ್ಲದೆ ಹರಿದ ಈ ಅಣುಗಾತ್ರದ ವಿದ್ಯುತ್ತು. ಮೊದಲನೆಯದನ್ನು ಹೊಗಳುವವರು ಎರಡನೆಯದನ್ನು ನೆನೆಯುವುದು ಅಪರೂಪ.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಚಿನ್ನ ತೆಗೆದ ಮೇಲೆ ಉಳಿದ ಮರಳು, ಜನರು ಸೈನೈಡ್ ಗುಡ್ಡಗಳೆಂದು ಕರೆಯುವ ಬೂದುಬಣ್ಣದ ದಿಬ್ಬಗಳಾಗಿ ನಿಂತಿದೆ. ಅದರ ತೂಕ 3 ಕೋಟಿ ಟನ್ನಿಗೂ ಮಿಗಿಲು. ಬಿಸಿಲು ಗಾಳಿಗಳಿಗೆ ಸಿಕ್ಕಿದ ಸೈನೈಡು ಕಾಲಕ್ರಮದಲ್ಲಿ ಬಹುಮಟ್ಟಿಗೆ ವಿಘಟನೆಗೊಳ್ಳುತ್ತದೆ. ಕಲ್ಲಿನ ಧೂಳಿಗೆ ಅಂತಹ ಅಳಿವಿಲ್ಲ. ಗಾಳಿ ಬೀಸಿದಾಗ ಅದು ಸುತ್ತಲಿನ ಮನೆಗಳಿಗೆ ನುಗ್ಗುತ್ತದೆ, ಉಸಿರಿನೊಡನೆ ಶ್ವಾಸಕೋಶವನ್ನು ಸೇರುತ್ತದೆ. ಈ ದಿಬ್ಬಗಳಲ್ಲಿ ಇನ್ನೂ ಅಲ್ಪಸ್ವಲ್ಪ ಚಿನ್ನವುಂಟು. ಅದನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಹಾಗೆ ತೆಗೆಯುವಾಗ ಧೂಳನ್ನೂ ದ್ರಾವಣವನ್ನೂ ಹೇಗೆ ಕಟ್ಟಿಹಾಕುವರೆಂಬುದು ದಿಬ್ಬಗಳ ಬುಡದಲ್ಲಿ ವಾಸಿಸುವವರಿಗೆ ಚಿನ್ನದ ಬೆಲೆಗಿಂತ ದೊಡ್ಡ ಪ್ರಶ್ನೆ.