ತಂತಿವಾದ್ಯದ ದಂಡಿಗೆಗೆ ಬಲ

ನಮ್ಮ ಭಜನಾಮಂಡಳಿಗೆ ಹಿರಿಯರು ಬಿಟ್ಟುಹೋದ ತಂಬೂರಿಯ ದಂಡಿಗೆ ಬಾಗಿದುದನ್ನು ವಾಚಕ ಬಂಧುಗಳು ಕಂಡಿರಬಹುದು. ಕಾರಣ ತಂತಿಗಳ ಎಳೆತ. ಗಿಟಾರಿನ ಆರು ಉಕ್ಕಿನ ತಂತಿಗಳ ಎಳೆತವೇ ಸುಮಾರು 70 ಕಿಲೋ ತೂಕದಷ್ಟು! ಅದಕ್ಕೆಂದೇ ಅಮೆರಿಕದ ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ ಅವರು ಕತ್ತಿನೊಳಗೆ ಉಕ್ಕಿನ ಸಲಾಕೆ ಹುದುಗಿಸುವ ಉಪಾಯಕ್ಕೆ 1923ರಲ್ಲಿ ಪೇಟೆಂಟ್ ಪಡೆದರು. ತಿರುಪು ಬಿಗಿಮಾಡಿದರೆ ಕತ್ತು ಹಿಂದಕ್ಕೆ ಸರಿಯುತ್ತದೆ.

ಸಲಾಕೆಯಿಲ್ಲದೆಯೂ ಬಲ ಕೊಡಬಹುದು. ಚೆನ್ನಾಗಿ ಒಣಗಿದ, ನೇರ ಎಳೆಯ ಮರ ಬೇಕು. ಗಟ್ಟಿಮರದ ಪಟ್ಟಿಯನ್ನು ಉದ್ದಕ್ಕೆ ಕೂಡಿಸುವಾಗ ಮಲಗಿಸದೆ ನಿಲ್ಲಿಸಿ ಅಂಟಿಸಬೇಕು. ಪಟ್ಟಿಯ ಎತ್ತರ ಇಮ್ಮಡಿಯಾದರೆ ಅದರ ಬಿಗುವು ಎಂಟು ಪಟ್ಟಾಗುತ್ತದೆ.

ತಂಬೂರಿಯ ದಂಡಿಗೆ ಪೊಳ್ಳು. ಮೇಲಿನ ಹಲಗೆ ಭದ್ರವಾಗಿ ಅಂಟಿಕೊಂಡಿದ್ದರೆ ಮಾತ್ರ ಅದು ಗಟ್ಟಿ. ಹಲಗೆ ಬಿಟ್ಟಾಗ ನಾವು ಮೊಳೆ ಹೊಡೆದು ಬಿರುಕು ತಂದುಕೊಂಡೆವು. ತಾವು ಹಾಗೆ ಮಾಡದೆ, ತಂತಿ ಸಡಿಲಿಸಿ ಬಲ್ಲ ಕುಶಲಕರ್ಮಿಗೆ ತೋರಿಸಬೇಕೆಂದು ವಿನಂತಿ.